ಒಂದು ಹಿಡಿ ಮಣ್ಣು

ದೀವ್ ದ್ವೀಪದಾಗ ನಮ್ಮ ನೌಕಾಪಡೆಯ ಯುದ್ಧಹಡಗು ಐಎನ್‌ಎಸ್ ಖುಕ್ರಿಯ ಸ್ಮಾರಕ ನೋಡ್ಕೊಂಡು ನಿನ್ನೆ ರಾತ್ರಿ ಕಲಬುರಗಿಗೆ ಬಂದ್ವಿ. ತಲಿಯೊಳಗ ಇನ್ನೂ ಅದೇ ಅದ. ದಿಬ್ಬದ ಮ್ಯಾಲೆ ಗಾಜಿನ ಪೆಟ್ಟಿಗಿಯೊಳಗ ಹಡಗಿನ ಮಾದರಿ, ಎದುರಿಗೆ ಅರಬ್ಬಿ ಸಮುದ್ರ. 1971ರ ಭಾರತ-ಪಾಕ್ ಯುದ್ಧದಾಗ, ಡಿಸೆಂಬರ್ 9ರ ರಾತ್ರಿ, ಪಾಕಿಸ್ತಾನದ ಜಲಾಂತರ್ಗಾಮಿ ಹ್ಯಾಂಗೋರ್ ಬಿಟ್ಟ ಟಾರ್ಪೆಡೊ ಬಡಿದು ಖುಕ್ರಿ ಮುಳುಗಿತ್ತು. 18 ಅಧಿಕಾರಿಗಳು, 176 ನಾವಿಕರು ಹೋದ್ರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಬರಲೇ ಇಲ್ಲ.

ನಾನು ಫೋಟೋ ತೆಗಿಲತ್ತಿದ್ದೆ. ಅವ್ವ ನೀರಿನ ಕಡೀನೇ ನೋಡಲತ್ತಿದ್ಲು. "ಒಂದ್ ಹಿಡಿ ಮಣ್ಣು ಕೊಡ್ಲಿಕ್ಕೂ ಆಗಲಿಲ್ಲೇನಪಾ ಇವರಿಗೆ?" ಅಂದ್ಲು. ನಮ್ಮ ಭೀಮಾ ಹೊಳಿ ಆದ್ರ ಮುಳುಗಿದವ್ರ ಹೆಣಾನ ಎರಡ್ಮೂರು ದಿನಕ್ಕರೆ ದಂಡಿಗಿ ತಂದು ಹಾಕ್ತದ.

ಕೈಯಾಗಿನ ಹೂವು ಸ್ಮಾರಕದ ಮುಂದ ಇಡಲಿಲ್ಲ, ಸಮುದ್ರದ ಕಡೆ ತೂರಿದ್ಲು. ಗಾಳಿಗೆ ಅರ್ಧ ನನ್ನ ಅಂಗಿ ಮ್ಯಾಲೇ ಬಿದ್ದವು.