ಮೇಡಂ ಕೇಳುತ್ತಿದ್ದ ‘ಆಮೇಲೆ?’

ಕಾಲೇಜು ಸಂಚಿಕೆಗೆ ಹಳೆಯ ನೆನಪು ಬರೆದುಕೊಡಿ ಅಂದರು. ಕೂತು ಯೋಚಿಸಿದರೆ ತಲೆಗೆ ಬರುವುದು ಒಂದೇ ಮಾತು. ‘ಆಮೇಲೆ?’ ನಮ್ಮ ಎಪಿಡೆಮಿಯಾಲಜಿ (ಜನರಲ್ಲಿ ರೋಗಗಳು ಹೇಗೆ, ಯಾಕೆ ಬರುತ್ತವೆ ಅಂತ ಓದುವ ಶಾಸ್ತ್ರ) ಮೇಡಂ ದಿನಕ್ಕೆ ಹತ್ತು ಸಲ ಕೇಳುತ್ತಿದ್ದ ಪ್ರಶ್ನೆ ಅದು. ಸೆಮಿನಾರಿನಲ್ಲಿ ಯಾರಾದರೂ ‘ಇಷ್ಟು ಮಹಿಳೆಯರಿಗೆ ಪ್ಯಾಪ್ ಸ್ಮಿಯರ್ (ಗರ್ಭಕಂಠದ ಕ್ಯಾನ್ಸರ್ ಪರೀಕ್ಷೆ) ಮಾಡಲಾಯಿತು’ ಅಂತ ಸ್ಲೈಡ್ ಹಾಕಿ ಎದೆಯುಬ್ಬಿಸಿ ನಿಂತರೆ ಸಾಕು, ಹಿಂದಿನ ಬೆಂಚಿನಿಂದ ಆ ದನಿ ಬರುತ್ತಿತ್ತು. ಆಮೇಲೆ? ರಿಪೋರ್ಟ್ ಬಂತಾ? ಯಾರು ಓದಿದರು? ಓದಿದವರು ಆ ಹೆಂಗಸಿಗೆ ಹೇಳಿದರಾ?

ಮೇಡಂ ಅವರ ಸಂಶೋಧನೆಯೂ ಇದೇ. ಕ್ಯಾನ್ಸರ್ ತಡವಾಗಿ ಪತ್ತೆಯಾದವರ ಫೈಲ್ ತೆಗೆದು ಹಿಂದಕ್ಕೆ ಓದುತ್ತಾ ಹೋಗುವುದು, ಮೊದಲ ಸುಳಿವು ಯಾವ ಪುಟದಲ್ಲಿ ಇತ್ತು, ಅದು ಯಾರ ಕೈಯಿಂದ ಯಾರ ಕೈಗೆ ಹೋಗುವಾಗ ಜಾರಿತು ಅಂತ ಹುಡುಕುವುದು. ಕೇಳೋಕೆ ಸಣ್ಣ ಕೆಲಸ. ಮಾಡೋಕೆ ಕೂತರೆ ಸೊಂಟ ಬಿದ್ದು ಹೋಗುತ್ತದೆ.

ನನಗೆ ಕೊಟ್ಟಿದ್ದು ಮಲಪರೀಕ್ಷೆಯ ಫೈಲುಗಳು. ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಇದೆಯಾ ಅಂತ ನೋಡುವ ಫಿಟ್ ಟೆಸ್ಟ್ ಇದೆಯಲ್ಲ, ಅದರಲ್ಲಿ ಪಾಸಿಟಿವ್ ಬಂದವರು, ಕ್ಯಾನ್ಸರ್ ಇದೆಯಾ ಅಂತ ದೊಡ್ಡಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡುವ ಕೊಲೊನೋಸ್ಕೋಪಿ ಮಾಡಿಸಿಕೊಂಡರಾ ಅಂತ ನೋಡಬೇಕಿತ್ತು. ಒಂದು ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ಧೂಳು ಕುಡಿಯುತ್ತಾ ಕೂತಿದ್ದಾಗ ಒಂದು ಪಾಸಿಟಿವ್ ರಿಪೋರ್ಟ್ ಸಿಕ್ಕಿತು. ಅದರ ಮೇಲೆ ಇಬ್ಬರು ಡಾಕ್ಟರ ಸಹಿ ಇತ್ತು. ಹೋಗಿ ವಿಚಾರಿಸಿದರೆ, ಇವರು ಹೇಳಿರುತ್ತಾರೆ ಅಂತ ಅವರು, ಅವರು ಹೇಳಿರುತ್ತಾರೆ ಅಂತ ಇವರು. ರೋಗಿಗೆ ಯಾರೂ ಹೇಳಿರಲಿಲ್ಲ.

ನಾನು ಸಿಟ್ಟಿನಲ್ಲಿ ‘ವೈದ್ಯರ ನಿರ್ಲಕ್ಷ್ಯ’ ಅಂತ ಬರೆದೆ. ಮೇಡಂ ಅದನ್ನು ಪೆನ್ಸಿಲ್‌ನಲ್ಲಿ ಹೊಡೆದುಹಾಕಿದರು. ‘ಅಲ್ಲಮ್ಮಾ, ಬೈಗುಳ ಬರೆದಿದ್ದೀಯ, ಕಾರಣ ಎಲ್ಲಿದೆ?’ ಅಂದರು. ಅವತ್ತೇ ಜೇಮ್ಸ್ ರೀಸನ್ ಎಂಬ ಮನಃಶಾಸ್ತ್ರಜ್ಞರ ಮಾತು ಹೇಳಿದ್ದು. ತೂತಿರುವ ಚೀಸ್ ಹೋಳುಗಳನ್ನು ಸಾಲಾಗಿ ನಿಲ್ಲಿಸಿದ ಹಾಗೆ ಆಸ್ಪತ್ರೆಯ ಕಾವಲುಗಳು. ಒಂದರ ತೂತನ್ನು ಇನ್ನೊಂದು ಮುಚ್ಚುತ್ತದೆ, ಎಲ್ಲ ತೂತುಗಳೂ ಒಂದೇ ಗೆರೆಗೆ ಬಂದ ದಿನ ಅನಾಹುತ. ಇಲ್ಲಿ ತೂತು ಯಾವುದು? ರಿಪೋರ್ಟ್ ತಿಳಿಸುವ ಹೊಣೆ ಯಾರದ್ದು ಅಂತ ಎಲ್ಲೂ ಬರೆದಿರಲಿಲ್ಲ, ಅಷ್ಟೇ. ಆ ಇಬ್ಬರನ್ನೂ ಕಿತ್ತುಹಾಕಿದ್ದರೂ ಅದು ಹಾಗೇ ಉಳಿಯುತ್ತಿತ್ತು.

ಇದು ಸುಮ್ನೆ ಕಾಗದದ ವಿಚಾರ ಅಲ್ಲ. 2017ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ, ಪಾಸಿಟಿವ್ ಬಂದು ಹತ್ತು ತಿಂಗಳು ದಾಟಿದ ಮೇಲೆ ಕೊಲೊನೋಸ್ಕೋಪಿ ಮಾಡಿಸಿಕೊಂಡವರಲ್ಲಿ ಕ್ಯಾನ್ಸರ್ ಸಿಕ್ಕಿದ್ದು ಜಾಸ್ತಿ, ಅದರಲ್ಲೂ ಮುಂದುವರಿದ ಹಂತದ್ದು.

ಹಾಗಂತ ಮೇಡಂ ಸ್ಕ್ರೀನಿಂಗ್‌ನ, ಅಂದರೆ ಲಕ್ಷಣ ಇಲ್ಲದವರಿಗೂ ಟೆಸ್ಟ್ ಮಾಡಿ ನೋಡುವುದರ, ಭಜನೆ ಮಾಡುವವರಲ್ಲ. ಒಮ್ಮೆ ಬೋರ್ಡ್ ಮೇಲೆ ಲೆಕ್ಕ ಬರೆದರು. ಸಾವಿರ ಜನ, ಅದರಲ್ಲಿ ಕಾಯಿಲೆ ಇರುವವರು 5. ಟೆಸ್ಟ್ ಆ ಐವರನ್ನೂ ಹಿಡಿಯುತ್ತದೆ, ಆದರೆ ಆರೋಗ್ಯವಾಗಿರುವ ನೂರರಲ್ಲಿ ಐದು ಜನರನ್ನು ಸುಳ್ಳೇ ಪಾಸಿಟಿವ್ ಅನ್ನುತ್ತದೆ ಅಂತಿಟ್ಟುಕೊಳ್ಳಿ. ಈಗ ಪಾಸಿಟಿವ್ ಬಂದವರು ಸುಮಾರು 55, ಅದರಲ್ಲಿ 50 ಜನರಿಗೆ ಏನೂ ಇಲ್ಲ. ಕ್ಲಾಸು ಗಪ್‌ಚಿಪ್. ಆ ಐವತ್ತು ಜನರ ನಿದ್ದೆ ಯಾರ ಲೆಕ್ಕಕ್ಕೆ ಹೋಗುತ್ತದೆ ಅಂತ ಕೇಳಿ ಸೀಮೆಸುಣ್ಣ ಕೆಳಗಿಟ್ಟರು.

ಕೊರಿಯಾದ ಕಥೆಯನ್ನೂ ಆಗಲೇ ಹೇಳಿದ್ದು. ದಕ್ಷಿಣ ಕೊರಿಯಾದಲ್ಲಿ ಮಾಮೂಲಿ ಚೆಕಪ್ ಜೊತೆಗೆ ಥೈರಾಯ್ಡ್ ಅಲ್ಟ್ರಾಸೌಂಡ್ ಸೇರಿಸುವುದು ರೂಢಿಯಾಯಿತು. 1993ಕ್ಕೆ ಹೋಲಿಸಿದರೆ 2011ರಲ್ಲಿ ಥೈರಾಯ್ಡ್ ಕ್ಯಾನ್ಸರ್ ಪತ್ತೆ 15 ಪಟ್ಟು ಆಗಿತ್ತು. ಅದರಿಂದ ಸಾಯುವವರ ಪ್ರಮಾಣ? ಹೆಚ್ಚುಕಮ್ಮಿ ಮೊದಲಿನಷ್ಟೇ. ಜೀವಕ್ಕೆ ತೊಂದರೆ ಕೊಡದ ಗಂಟುಗಳನ್ನು ಹುಡುಕಿ, ಗ್ರಂಥಿಯನ್ನೇ ತೆಗೆದು, ಜನರಿಗೆ ಜೀವನಪೂರ್ತಿ ಮಾತ್ರೆ ಗಂಟುಹಾಕಿದ್ದಾಯಿತು. ಹೀಗೂ ರೋಗಿಗೆ ಹಾನಿಯಾಗುತ್ತೆ ಅಂತ ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ.

ಕೋರ್ಸ್ ಮುಗಿಸಿ ಹೊರಬಂದ ಮೇಲೂ ಮೇಡಂ ನನಗೆ ಐರ್ಲೆಂಡಿನ ಸುದ್ದಿಯ ತುಣುಕುಗಳನ್ನು ಕಳಿಸುತ್ತಿದ್ದರು. ವಿಕಿ ಫೆಲನ್ ಎಂಬಾಕೆಗೆ 2011ರಲ್ಲಿ ಸ್ಮಿಯರ್ ನಾರ್ಮಲ್ ಅಂತ ಬಂತು, 2014ರಲ್ಲಿ ಗರ್ಭಕಂಠದ ಕ್ಯಾನ್ಸರ್ ಪತ್ತೆಯಾಯಿತು. ಹಳೆಯ ಸ್ಲೈಡ್ ಮತ್ತೆ ನೋಡಿದಾಗ ಮೊದಲ ಫಲಿತಾಂಶ ತಪ್ಪು ಅಂತ ಗೊತ್ತಾಯಿತು, ಆದರೆ ಆಕೆಗೆ ತಿಳಿದದ್ದು 2017ರಲ್ಲಿ. ಬಾಯಿ ಮುಚ್ಚಿಕೊಂಡಿರುವ ಕರಾರಿಗೆ ಆಕೆ ಸಹಿ ಹಾಕಲಿಲ್ಲ. ಅದಕ್ಕೇ 2018ರಲ್ಲಿ ಇಂಥ ಇನ್ನೂರಕ್ಕೂ ಹೆಚ್ಚು ಹೆಂಗಸರ ವಿಷಯ ಹೊರಗೆ ಬಂತು. ಸ್ಲೈಡ್ ಓದುವಾಗ ತಪ್ಪಾಗೋದು ಉಂಟು, ಯಾವ ಸ್ಕ್ರೀನಿಂಗೂ ನೂರಕ್ಕೆ ನೂರು ಇರುವುದಿಲ್ಲ. ಹೇಳದೆ ಮುಚ್ಚಿಟ್ಟದ್ದನ್ನು ಮಾತ್ರ ಮೇಡಂಗೆ ಸಹಿಸಲು ಆಗುತ್ತಿರಲಿಲ್ಲ.

ಈಗ ನಾನೂ ಒಂದು ಸ್ಕ್ರೀನಿಂಗ್ ಕಾರ್ಯಕ್ರಮದ ಲೆಕ್ಕ ನೋಡುತ್ತೇನೆ. ನಮ್ಮ ಎಕ್ಸೆಲ್ ಶೀಟಿನ ಕೊನೆಯ ಕಾಲಂನಲ್ಲಿ, ರೋಗಿಗೆ ತಿಳಿಸಿದವರ ಹೆಸರು ಮತ್ತು ತಾರೀಖು ತುಂಬಬೇಕು. ತುಂಬದ ಸಾಲು ಕೆಂಪಾಗೇ ಇರುತ್ತದೆ. ಈ ವಾರ ಎರಡು ಸಾಲು ಕೆಂಪಾಗಿವೆ. ಒಬ್ಬರು ಮುಂದಿನ ವಾರ ಬರುತ್ತೇನೆ ಅಂದಿದ್ದಾರೆ. ಇನ್ನೊಬ್ಬರ ಫೋನ್ ನಂಬರ್ ಬದಲಾಗಿದೆ, ಹುಡುಕುತ್ತಿದ್ದೇವೆ.