ಸರ್ವೆಗೆ ಹೋದಾಗ ‘ಯಾಕೆ’ ಅಂತ ಕೇಳಬೇಡಿ

ವಿಜಯಪುರ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ನಾನು ಸಮಾಜಶಾಸ್ತ್ರ ಕಲಿಸುತ್ತೇನೆ. ಸಾಮಾಜಿಕ ಸಮಸ್ಯೆಗಳ ಪೇಪರಿಗಾಗಿ ಮಕ್ಕಳನ್ನು ಹಳ್ಳಿಗೆ ಸರ್ವೆಗೆ ಕಳಿಸಿದರೆ ಬರುವ ಉತ್ತರ ಹೆಚ್ಚುಕಮ್ಮಿ ಒಂದೇ. ಬಾಲ್ಯವಿವಾಹಕ್ಕೆ ಕಾರಣ ಪಾಲಕರ ಅಜ್ಞಾನ. ಶಾಲೆ ಬಿಡಲು ಕಾರಣ ನಿರಾಸಕ್ತಿ. ಪರಿಹಾರ, ಜಾಗೃತಿ ಮೂಡಿಸಬೇಕು. ಇದನ್ನು ಕ್ಲಾಸಿನಲ್ಲೇ ಕೂತು ಬರೆಯಬಹುದಿತ್ತು, ಅಲ್ವಾ?

ತಮಾಷೆ ಅಂದ್ರೆ, ಅಮೆರಿಕದ ಸಮಾಜಶಾಸ್ತ್ರಜ್ಞ ಸಿ. ರೈಟ್ ಮಿಲ್ಸ್ 1959ರಲ್ಲಿ ಕೊಟ್ಟ ಉದಾಹರಣೆಯನ್ನು ಇದೇ ಮಕ್ಕಳು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆಯುತ್ತಾರೆ. ಒಂದು ಲಕ್ಷ ಜನರ ಊರಲ್ಲಿ ಒಬ್ಬನಿಗೆ ಕೆಲಸ ಇಲ್ಲದಿದ್ದರೆ ಅವನ ಗುಣ, ಕೌಶಲ ನೋಡಿ. 5 ಕೋಟಿ ದುಡಿಯುವವರ ದೇಶದಲ್ಲಿ 1.5 ಕೋಟಿ ಜನ ಖಾಲಿ ಕೂತಿದ್ದರೆ ವ್ಯವಸ್ಥೆಯನ್ನೇ ನೋಡಿ. ಹಳ್ಳಿಯಲ್ಲಿ ಬಸ್ಸಿಳಿದ ಕೂಡಲೇ ಇದೆಲ್ಲ ಮರೆತುಹೋಗುತ್ತದೆ.

ನನ್ನ ಪ್ರಕಾರ ಕೆಡುವುದು ಪ್ರಶ್ನೆಯಲ್ಲೇ. ‘ಮಗಳನ್ನ ಶಾಲೆ ಯಾಕೆ ಬಿಡಿಸಿದಿರಿ?’ ಅಂದರೆ ಎದುರಿಗಿದ್ದವರಿಗೆ ಬೈದ ಹಾಗೆ ಕೇಳುತ್ತದೆ. ‘ನಮಗೇನ್ ತಿಳಿತೈತ್ರಿ, ಓದಿಲ್ಲದ ಮಂದಿ’ ಅಂದು ಸುಮ್ನಾಗುತ್ತಾರೆ. ನಮ್ಮ ಮಕ್ಕಳು ‘ಅಜ್ಞಾನ’ ಎಂದು ಬರೆದುಕೊಂಡು ಮುಂದಿನ ಮನೆಗೆ ಹೋಗುತ್ತಾರೆ.

ಯಾವಾಗ ಬಿಟ್ಟಳು, ಆಗ ಮನೆಯಲ್ಲಿ ಯಾರ್ಯಾರಿದ್ದರು, ಆ ವರ್ಷ ಕಬ್ಬು ಕಡಿಯುವ ಕೆಲಸಕ್ಕೆ ಮುಂಗಡ ತಗೊಂಡಿದ್ದರಾ, ಇಷ್ಟು ಕೇಳಿ ಅನ್ನುತ್ತೇನೆ. ಒಬ್ಬ ವಿದ್ಯಾರ್ಥಿನಿ ಹೀಗೆ ಕೇಳಿದ್ದಕ್ಕೆ ಅಜ್ಜಿಯೊಬ್ಬರು, ‘ದೀಪಾವಳಿ ಆದ ಮ್ಯಾಲ ಎಲ್ಲಾರೂ ಕಬ್ಬ ಕಡಿಯಾಕ ಹ್ವಾದ್ರವಾ, ಕೂಸಿನ್ನ ಯಾರ್ ನೋಡ್ಬೇಕು?’ ಅಂದರು. ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸುವುದು ಅಕ್ಟೋಬರ್–ನವೆಂಬರಿನಿಂದ ಮಾರ್ಚ್–ಏಪ್ರಿಲ್ ತನಕ. ದಸರಾ ರಜೆ ಮುಗಿದು ಶಾಲೆ ಎರಡನೇ ಅವಧಿ ನಡೆಸುವುದೂ ಅದೇ ತಿಂಗಳುಗಳಲ್ಲಿ. ಮಹಾರಾಷ್ಟ್ರದ ಕಡೆ ಮುಕಾದಮರು, ಅಂದರೆ ಕೂಲಿಯವರನ್ನು ಒದಗಿಸುವ ಗುತ್ತಿಗೆದಾರರು, ಗಂಡ ಹೆಂಡತಿ ಇಬ್ಬರನ್ನೂ ಸೇರಿಸಿ ಒಂದು ‘ಕೊಯ್ತಾ’ (ಕುಡುಗೋಲು) ಎಂದು ಲೆಕ್ಕ ಹಿಡಿದು ಮುಂಗಡ ಕೊಡುತ್ತಾರೆ. ಹುಡುಗನಿಗೆ ಮದುವೆಯಾದರೆ ಜೋಡಿಯಾಯಿತು, ಜೋಡಿಯಾದರೆ ಮುಂಗಡ. ಊರಲ್ಲೇ ಬಿಟ್ಟು ಹೋಗುವ ಮಗಳ ಚಿಂತೆ ಬೇರೆ, ಅದಕ್ಕೂ ಮದುವೆಯೇ ದಾರಿ ಅನಿಸುತ್ತದೆ. ಸಿಲೆಬಸ್ಸಿನಲ್ಲಿ ಬಾಲ್ಯವಿವಾಹ ಒಂದು ಅಧ್ಯಾಯ, ವಲಸೆ ಇನ್ನೊಂದು ಅಧ್ಯಾಯ. ಆ ಮನೆಯಲ್ಲಿ ಎರಡೂ ಒಂದೇ ಲೆಕ್ಕ.

2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಹೆಸರು ಗೊತ್ತಿಲ್ಲದವರೂ ‘ಹದಿನೆಂಟು ತುಂಬಬೇಕ್ರಿ’ ಅಂತ ತಾವೇ ಹೇಳುತ್ತಾರೆ. ಗೊತ್ತಿರುವವರಿಗೆ ಇನ್ಯಾವ ಜಾಗೃತಿ ಮೂಡಿಸೋದು?

ಇನ್ನೊಂದು. ತಮ್ಮ ವಿವರಣೆಗೆ ಒಗ್ಗದ ಮನೆಯನ್ನು ಮಕ್ಕಳು ಮೆಲ್ಲಗೆ ವರದಿಯಿಂದ ಕೈಬಿಡುತ್ತಾರೆ. ಗುಳೆ ಹೋದರೂ ಮಗಳು ಓದುತ್ತಿರುವ ಮನೆ ಸಿಕ್ಕರೆ ಅಲ್ಲೇ ಜಾಸ್ತಿ ಹೊತ್ತು ಕೂರಿ ಅನ್ನುತ್ತೇನೆ. ಮನೆಯಲ್ಲಿ ಗಟ್ಟಿಮುಟ್ಟಾದ ಅಜ್ಜಿ ಇದ್ದಾಳಾ? ಹಾಸ್ಟೆಲ್ ಸೀಟು ಸಿಕ್ಕಿತ್ತಾ? ಸಿಕ್ಕಿದ್ದು ಕಬ್ಬು ಕಡಿಯುವವರ ಗ್ಯಾಂಗ್ ಹೊರಡುವ ಮೊದಲೋ, ಆಮೇಲೋ?

ಈಗೀಗ ಶಿಫಾರಸಿನ ಪುಟದಲ್ಲಿ ‘ಗುಳೆ ಹೋಗುವವರ ಮಕ್ಕಳ ಹಾಸ್ಟೆಲ್ ದಸರಾ ರಜೆಗೂ ಮುಂಚೆ ತೆರೆಯಲಿ’ ಎಂಬಂಥ ಸಾಲುಗಳು ಬರುತ್ತಿವೆ. ವರದಿ ತೆಳ್ಳಗಾಯಿತು ಎಂದು ಕೆಲವರಿಗೆ ಅಂಕದ ಚಿಂತೆ. ಅಂಕ ಹಾಕುವವನು ನಾನೇ ಇದ್ದೀನಲ್ಲ.