‘ಹಂಗಾರೆ ಅವರು ಯಾವ ಬಾತ್‌ರೂಮಿಗೆ ಹೋಗೂದು ಸರ್?’: ಲಿಂಗತ್ವದ ತರಬೇತಿಯ ಕೊನೆಯ ಅರ್ಧ ಗಂಟೆ

ಕಾರವಾರದಲ್ಲಿ ಪಂಚಾಯಿತಿ ಸಿಬ್ಬಂದಿಯ ತರಬೇತಿ ಇರಲಿ, ಶಿರಸಿಯ ಸಹಕಾರಿ ಸಂಘದ ನೌಕರರ ಸಭೆ ಇರಲಿ, ಕುಮಟಾದ ಕಾಲೇಜಿನಲ್ಲಿ ಅಧ್ಯಾಪಕರ ಕಾರ್ಯಾಗಾರ ಇರಲಿ, ಲಿಂಗತ್ವ ಅಲ್ಪಸಂಖ್ಯಾತರ, ಅಂದರೆ ಟ್ರಾನ್ಸ್‌ಜೆಂಡರ್ ಜನರ, ಬಗ್ಗೆ ಮಾತು ಮುಗಿಸಿ ‘ಏನಾದರೂ ಪ್ರಶ್ನೆ?’ ಎಂದ ಕೂಡಲೇ ಸಭೆಯ ಹವಾ ಬದಲಾಗುತ್ತದೆ. ಅಷ್ಟು ಹೊತ್ತು ಮೊಬೈಲ್ ನೋಡುತ್ತಿದ್ದವರೂ ತಲೆ ಎತ್ತುತ್ತಾರೆ. ಸ್ಲೈಡಿಗೆ ತಯಾರಿ ಮಾಡಿಕೊಂಡು ಬರುವ ಸಂಪನ್ಮೂಲ ವ್ಯಕ್ತಿಗಳು ಬೇಕಾದಷ್ಟಿದ್ದಾರೆ. ಪ್ರಶ್ನೆಗೆ ತಯಾರಾಗಿ ಬರುವವರು ಕಡಿಮೆ. ಜನ ಮನೆಗೆ ಹೊತ್ತುಕೊಂಡು ಹೋಗುವುದು ಮಾತ್ರ ಪ್ರಶ್ನೆ-ಉತ್ತರದ್ದೇ.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಸಭಿಕರಿಗೆ ಒಂದು ವಿಶೇಷ ಗುಣವಿದೆ. ತಾಳಮದ್ದಳೆ ಕೇಳಿ ಬೆಳೆದ ಕಿವಿ ಇದು. ಎದುರಿನವನನ್ನು ಮಾತಿನಲ್ಲಿ ಕಟ್ಟಿಹಾಕುವುದನ್ನು ಕಲೆಯೆಂದೇ ಸವಿಯುವ ಜನ. ಹಾಗಾಗಿ ಖಾರದ ಪ್ರಶ್ನೆ ಬಂದಾಗಲೆಲ್ಲ ಅದರ ಹಿಂದೆ ದ್ವೇಷವಿದೆ ಎಂದುಕೊಳ್ಳಬೇಕಿಲ್ಲ. ಎಷ್ಟೋ ಸಲ ಅದು ‘ಇವನು ಎಂತ ಹೇಳ್ತಾ ನೋಡುವಾ’ ಎಂಬ ಕುತೂಹಲ. ಅದಕ್ಕೆ ವಾದ ಹೂಡಿದರೆ ಸಭೆಗೆ ಒಳ್ಳೆ ಮನರಂಜನೆ, ತರಬೇತಿ ಅಲ್ಲಿಗೆ ಮುಗಿದ ಹಾಗೆ. ವಿರೋಧಿಸಲೇಬೇಕೆಂದು ಬಂದವರು ಯಾವ ಸಭೆಯಲ್ಲೂ ಒಬ್ಬಿಬ್ಬರೇ. ಉತ್ತರ ಅವರಿಗಲ್ಲ, ಬಾಯಿ ಬಿಡದೆ ಕೂತ ಉಳಿದವರಿಗೆ. ಆ ಸಾಲುಗಳಲ್ಲಿ, ಮನೆಯಲ್ಲಿ ಇಂಥದೇ ಮಗುವಿರುವ ತಾಯಿ ಇರಬಹುದು, ಯಾರಿಗೂ ಹೇಳಿಕೊಳ್ಳದ ನೌಕರ ಇರಬಹುದು. ನೀವು ಪ್ರಶ್ನೆಯನ್ನು ಹೇಗೆ ಹಿಡಿಯುತ್ತೀರಿ ಎಂಬುದನ್ನು ಅವರು ನೋಡುತ್ತಿರುತ್ತಾರೆ.

ಮೊದಲೇ ಒಂದು ಗೆರೆ ಎಳೆದುಕೊಳ್ಳಬೇಕು. ಕಚೇರಿಯ ತರಬೇತಿ ಇರುವುದು ಯಾರ ನಂಬಿಕೆಯನ್ನೂ ಬದಲಿಸುವುದಕ್ಕಲ್ಲ. ಕೌಂಟರಿನಲ್ಲಿ, ವಾರ್ಡಿನಲ್ಲಿ, ತರಗತಿಯಲ್ಲಿ ಹೇಗೆ ನಡೆದುಕೊಳ್ಳಬೇಕು ಎಂದು ಹೇಳುವುದಕ್ಕೆ. ಇದನ್ನು ಆರಂಭದಲ್ಲೇ ಹೇಳಿಬಿಟ್ಟರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ‘ನೀವು ಮನಸ್ಸಿನಲ್ಲಿ ಏನು ಅಂದುಕೊಳ್ಳುತ್ತೀರಿ ಎಂಬುದು ನಿಮಗೆ ಬಿಟ್ಟಿದ್ದು, ಕೌಂಟರಿನಲ್ಲಿ ಏನು ಹೇಳುತ್ತೀರಿ ಎಂಬುದಕ್ಕೆ ನಿಯಮ ಇದೆ’ ಎಂಬ ಮಾತನ್ನು ಸಂಸ್ಥೆಯ ಮುಖ್ಯಸ್ಥರ ಬಾಯಲ್ಲೇ ಹೇಳಿಸಿದರೆ ಇನ್ನೂ ಒಳ್ಳೆಯದು. ದೀಪ ಬೆಳಗಿ, ಎರಡು ಮಾತಾಡಿ, ಊಟಕ್ಕೆ ಸಿಗುತ್ತೇನೆಂದು ಎದ್ದು ಹೋಗುವ ಅಧಿಕಾರಿಯಿಂದ ಉಪಕಾರಕ್ಕಿಂತ ಅಪಕಾರ ಹೆಚ್ಚು. ಸಾಹೇಬರೇ ಇಲ್ಲವೆಂದರೆ ಇದು ಲೆಕ್ಕಕ್ಕಿಲ್ಲದ ಕಾರ್ಯಕ್ರಮ ಎಂದು ಸಿಬ್ಬಂದಿಗೆ ಗೊತ್ತಾಗುತ್ತದೆ.

ಒಂದೂವರೆ ಗಂಟೆಯ ಕಾರ್ಯಕ್ರಮವಾದರೆ ಮಾತು 50 ನಿಮಿಷ ದಾಟಬಾರದು. ಪ್ರಶ್ನೆಗೆ 30 ನಿಮಿಷ, ಉಳಿದದ್ದು ಚಹಾಕ್ಕೆ. ಚಹಾದ ಹೊತ್ತಿನಲ್ಲಿ ಎಲ್ಲರಿಗೂ, ಹೌದು ಎಲ್ಲರಿಗೂ, ಒಂದೊಂದು ಚೀಟಿ ಕೊಟ್ಟು ಹೆಸರಿಲ್ಲದೆ ಪ್ರಶ್ನೆ ಬರೆಸಿ. ಪ್ರಶ್ನೆ ಇಲ್ಲದವರು ‘ಇಲ್ಲ’ ಎಂದು ಬರೆದು ಡಬ್ಬಿಗೆ ಹಾಕಲಿ. ಇಲ್ಲದಿದ್ದರೆ ಯಾರು ಬರೆದರು ಎಂಬುದು ಪಕ್ಕದವನಿಗೆ ಗೊತ್ತಾಗಿ, ನಿಜವಾಗಿ ಕೇಳಬೇಕಾದವರು ಬರೆಯುವುದೇ ಇಲ್ಲ. ಒಂದೇ ಥರದ ಚೀಟಿಗಳನ್ನು ಒಟ್ಟಿಗೆ ಇಟ್ಟು, ಕಾನೂನಿನವು ಮೊದಲು, ನಂಬಿಕೆ-ಸಂಸ್ಕೃತಿಯವು ನಡುವೆ, ಕಚೇರಿ ವ್ಯವಸ್ಥೆಯವು ಕೊನೆಗೆ ಬರುವಂತೆ ಜೋಡಿಸಿಕೊಳ್ಳಿ. ಕೊನೆಯ ಪ್ರಶ್ನೆ ಕೈಯಲ್ಲಿ ಮಾಡಿ ತೋರಿಸಬಹುದಾದದ್ದಿರಬೇಕು. ಸಂಸ್ಕೃತಿಯ ಪ್ರಶ್ನೆಯಲ್ಲಿ ಸಭೆ ಮುಗಿದರೆ ಜನ ಅದೇ ಚರ್ಚೆ ಎತ್ತಿಕೊಂಡು ಬಸ್ ಹತ್ತುತ್ತಾರೆ.

ಮೈಕು ಸಂಘಟಕರ ಕೈಯಲ್ಲೇ ಇರಲಿ. ಕಾರ್ಡ್‌ಲೆಸ್ ಮೈಕನ್ನು ಸಭೆಗೆ ಬಿಟ್ಟರೆ ಪ್ರಶ್ನೆ ಭಾಷಣವಾಗುತ್ತದೆ, ವಾಪಸ್ ಕಸಿದುಕೊಂಡರೆ ಜಗಳವಾಗುತ್ತದೆ. ಸಂಘಟಕರು ಪಕ್ಕ ನಿಂತು ತಾವೇ ಹಿಡಿದು ಕೇಳಿಸಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಘಟ್ಟದ ಮೇಲೆ ತಗಡಿನ ಶೀಟಿನ ಸಭಾಂಗಣದಲ್ಲಿ ಇಂಥ ಕಾರ್ಯಕ್ರಮ ಇಡಲೇಬೇಡಿ ಎಂಬುದು ನನ್ನ ಅಭಿಪ್ರಾಯ. ಮಳೆ ಹೊಡೆಯುವಾಗ ಕರೆಂಟೂ ಹೋದರೆ ಅರ್ಧ ಕೇಳಿಸಿಕೊಂಡ ಉತ್ತರ ಪೂರ್ತಿ ತಪ್ಪು ಸುದ್ದಿಯಾಗಿ ಊರು ಸೇರುತ್ತದೆ. ಕಾರವಾರ ಕಡೆಯ ಸಭೆಗೆ ಕೊಂಕಣಿ ಬಲ್ಲ ಜೊತೆಗಾರರು ಬೇಕು. ಹಿಂದಿನ ಸಾಲಿನ ಪಿಸುಮಾತು ಕೊಂಕಣಿಯಲ್ಲಿ ಬಂದು ಎಲ್ಲರೂ ನಕ್ಕು ನಿಮಗೊಬ್ಬರಿಗೇ ಅರ್ಥವಾಗದಿದ್ದರೆ ಸಭೆ ಕೈತಪ್ಪಿತು ಅಂತಲೇ ಲೆಕ್ಕ.

ಉತ್ತರಿಸುವ ಕ್ರಮ ಹೀಗಿರಲಿ. ಪ್ರಶ್ನೆ ಪೂರ್ತಿ ಕೇಳಿ. ಅದರಲ್ಲಿನ ಬೈಗುಳ ತೆಗೆದು, ವಿಷಯ ಮಾತ್ರ ಉಳಿಸಿ, ನಿಮ್ಮ ಮಾತಿನಲ್ಲಿ ಸಭೆಗೆ ಮತ್ತೊಮ್ಮೆ ಹೇಳಿ. ‘ಈ ಚಕ್ಕಾಗಳನ್ನೆಲ್ಲ ಕೆಲಸಕ್ಕೆ ತಗೊಂಡ್ರೆ ಗಿರಾಕಿ ಬತ್ರಾ?’ ಎಂದು ಕೇಳಿದರೆ, ‘ಟ್ರಾನ್ಸ್‌ಜೆಂಡರ್ ನೌಕರರಿದ್ದರೆ ವ್ಯಾಪಾರಕ್ಕೆ ತೊಂದರೆಯಾಗುತ್ತದೆಯೇ ಎಂಬುದು ಪ್ರಶ್ನೆ’ ಎಂದು ಹೇಳಿ ಮುಂದುವರಿಯಿರಿ. ಆ ಪದಕ್ಕೆ ಬೇರೆ ಪಾಠ ಬೇಡ. ಎರಡನೇ ಸಲವೂ ಬಂದರೆ ‘ಆ ಪದ ಇಲ್ಲಿ ಬೇಡ’ ಎಂದು ಒಂದೇ ವಾಕ್ಯ. ಆಮೇಲೆ ಒಂದು ನಿಮಿಷ ಮೀರದ ಉತ್ತರ, ಮಾತಾಡುವಾಗ ಕಣ್ಣು ಕೇಳಿದವರ ಮೇಲಲ್ಲ, ಸಭೆಯ ಮೇಲೆ. ಕೊನೆಗೆ ‘ಉತ್ತರ ಸಿಕ್ಕಿತಾ?’ ಎಂದು ಮಾತ್ರ ಕೇಳಬಾರದು. ಅದು ಎರಡನೇ ಸುತ್ತಿಗೆ ಕೊಟ್ಟ ವೀಳ್ಯ.

ಇನ್ನು ಶೌಚಾಲಯ. ಎಲ್ಲ ಕಡೆ ಬರುವ, ಮತ್ತು ನಿಜಕ್ಕೂ ಪ್ರಾಮಾಣಿಕವಾದ ಪ್ರಶ್ನೆ ಇದೇ, ಆದ್ದರಿಂದ ನಕ್ಕು ಹಾರಿಸಬೇಡಿ. ಕೇಳುವವರು ಹೆಂಗಸರಾದರೆ ಅದರ ಹಿಂದೆ ಭಯ ಇರುತ್ತದೆ. ಆ ಭಯವನ್ನು ಹೀಗಳೆದರೆ ಸಭೆಯ ಅರ್ಧ ಹೆಂಗಸರು ನಿಮ್ಮ ಕೈಬಿಡುತ್ತಾರೆ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆಯ 2020ರ ನಿಯಮಗಳು ಸಂಸ್ಥೆಯ ಸಮಾನ ಅವಕಾಶ ನೀತಿಯಲ್ಲಿ ಇರಬೇಕಾದ ಸೌಲಭ್ಯಗಳಿಗೆ ಉದಾಹರಣೆ ಕೊಡುವಾಗ ಯಾರು ಬೇಕಾದರೂ ಬಳಸಬಹುದಾದ ಶೌಚಾಲಯವನ್ನೇ ಹೆಸರಿಸುತ್ತವೆ. ತಾಲೂಕು ಮಟ್ಟದ ಕಚೇರಿಯಲ್ಲಿ ಇದಕ್ಕೆ ಕಟ್ಟಡ ಕಟ್ಟಬೇಕಿಲ್ಲ. ಬಹಳಷ್ಟು ಕಡೆ ಬೀಗ ಹಾಕಿ ಕೀಲಿಯನ್ನು ಸಾಹೇಬರ ಡ್ರಾವರಿನಲ್ಲಿಟ್ಟ ಒಂದು ಶೌಚಾಲಯ ಇದ್ದೇ ಇರುತ್ತದೆ. ಅದನ್ನು ತೆರೆದು, ಒಳಗಿಂದ ಸರಿಯಾಗಿ ಬೀಳುವ ಚಿಲಕ, ನೆಲದವರೆಗೆ ಬರುವ ಬಾಗಿಲು, ದೀಪ, ನೀರು, ಮುಚ್ಚಳವಿರುವ ಕಸದ ಬುಟ್ಟಿ ಇಟ್ಟು, ‘ಶೌಚಾಲಯ’ ಎಂದಷ್ಟೇ ಬೋರ್ಡು ಹಾಕಿದರೆ ಆಯಿತು. ಅಂಗವಿಕಲರಿಗೂ, ಮಗುವನ್ನು ಕರೆತಂದ ಅಪ್ಪನಿಗೂ ಬಳಕೆಗೆ ಬರುತ್ತದೆ. ತಪ್ಪಾಗುವುದು ಎಲ್ಲಿ ಅಂದರೆ ‘ತೃತೀಯ ಲಿಂಗಿಗಳಿಗೆ ಮಾತ್ರ’ ಎಂದು ಬೋರ್ಡು ಹಾಕಿದಾಗ. ಅದರೊಳಗೆ ಹೋಗುವುದೆಂದರೆ ಇಡೀ ಕಚೇರಿಯ ಮುಂದೆ ಘೋಷಣೆ ಮಾಡಿದಂತೆ. ಯಾರೂ ಹೋಗುವುದಿಲ್ಲ, ಆರು ತಿಂಗಳಲ್ಲಿ ಅದು ಹಳೇ ಕಡತ ತುಂಬುವ ಕೋಣೆಯಾಗುತ್ತದೆ. ಭಯದ ವಿಷಯಕ್ಕೆ ಉತ್ತರ: ಒಳಗೆ ಯಾರೇ ಅನುಚಿತವಾಗಿ ನಡೆದುಕೊಂಡರೂ ಅದು ದುರ್ನಡತೆ, ದೂರು ಕೊಡಿ. ಹತ್ತು ಅಥವಾ ಹೆಚ್ಚು ನೌಕರರಿರುವ ಕಡೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಡಿ ಆಂತರಿಕ ಸಮಿತಿ ಇರಲೇಬೇಕು. ಆ ಸಮಿತಿ ನಿಮ್ಮಲ್ಲಿ ಇದೆಯಾ ಎಂದು ಅಲ್ಲೇ ಕೇಳಿ. ಕೆಲವು ಸಭೆಗಳಲ್ಲಿ ಆಮೇಲಿನ ಚರ್ಚೆ ಪೂರ್ತಿ ಅದರ ಮೇಲೇ ಹೋಗುತ್ತದೆ, ಹೋಗಲಿ.

‘ಇದು ಕಾಯಿಲೆ ಅಲ್ವಾ?’ ಎಂಬುದು ಆಸ್ಪತ್ರೆ ಸಿಬ್ಬಂದಿಯಿಂದಲೂ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೇ ಆವೃತ್ತಿ 2019ರಲ್ಲಿ ಅಂಗೀಕಾರವಾಗಿ 2022ರ ಜನವರಿ 1ರಿಂದ ಜಾರಿಗೆ ಬಂತು. ಅದರಲ್ಲಿ ಈ ವಿಷಯವನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ತೆಗೆದು ಲೈಂಗಿಕ ಆರೋಗ್ಯದ ಅಧ್ಯಾಯಕ್ಕೆ ಸೇರಿಸಿದ್ದಾರೆ. ಪಟ್ಟಿಯಲ್ಲಿ ಇನ್ನೂ ಉಳಿದಿರುವುದು, ಬೇಕಾದವರಿಗೆ ಚಿಕಿತ್ಸೆ ಸಿಗಲಿ ಎಂಬ ಕಾರಣಕ್ಕೆ. ಇಷ್ಟೇ ಸಾಕು. ಮೆದುಳು, ಹಾರ್ಮೋನು, ವಂಶವಾಹಿ ಎಂದು ಮುಂದೆ ಹೋದರೆ ಜೀವಶಾಸ್ತ್ರದ ಉಪನ್ಯಾಸಕರೊಬ್ಬರು ಎದ್ದು ನಿಲ್ಲುತ್ತಾರೆ, ಮತ್ತು ನಿಮ್ಮ ಅರ್ಧ ಓದು ಬಯಲಾಗುತ್ತದೆ. ‘ಬದಲಿಸುವ ಚಿಕಿತ್ಸೆ’ (ಕನ್ವರ್ಷನ್ ಥೆರಪಿ, ಅಂದರೆ ಅವರನ್ನು ‘ಸರಿಪಡಿಸುವ’ ಹೆಸರಿನ ಚಿಕಿತ್ಸೆ) ಬಗ್ಗೆ ಕೇಳಿದರೆ, 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಅದನ್ನು ವೈದ್ಯರ ವೃತ್ತಿ ದುರ್ನಡತೆ ಎಂದಿದೆ ಎಂದು ಹೇಳಿ.

‘ಆಪರೇಷನ್ ಆಗಿದ್ಯಾ?’ ಎಂಬುದಕ್ಕೆ ಉತ್ತರವೇ ಇಲ್ಲ. ವೇದಿಕೆಯಲ್ಲಿ ಟ್ರಾನ್ಸ್‌ಜೆಂಡರ್ ಅತಿಥಿ ಇದ್ದಾಗ ಇದು ಬಂದೇ ಬರುತ್ತದೆ. ತಡೆಯಬೇಕಾದವರು ಅತಿಥಿಯಲ್ಲ, ಪಕ್ಕ ಕೂತ ನೀವು. ‘ಗರ್ಭಕೋಶದ ಆಪರೇಷನ್ ಆಯ್ತಾ ಅಂತ ಸ್ಟಾಫ್ ಮೀಟಿಂಗಿನಲ್ಲಿ ಯಾರನ್ನೂ ಕೇಳುವುದಿಲ್ಲವಲ್ಲ, ಇದೂ ಹಾಗೇ’ ಎಂದು ಮುಂದಿನ ಚೀಟಿ ತೆಗೆಯಿರಿ. ಲಿಂಗತ್ವ ಗುರುತಿಸಲು ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲೇಬೇಕೆಂದು ಒತ್ತಾಯಿಸುವುದು ಕಾನೂನುಬಾಹಿರ ಎಂದು ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ಪ್ರಕರಣದ ತೀರ್ಪಿನಲ್ಲಿ ಹೇಳಿತ್ತು. ಅತಿಥಿಯನ್ನು ಕರೆಯುವಾಗಲೇ ಯಾವ ಪ್ರಶ್ನೆ ಬೇಡ ಎಂದು ಕೇಳಿಟ್ಟುಕೊಳ್ಳಿ, ಸಾಕು ಎನಿಸಿದಾಗ ತೋರಿಸುವ ಒಂದು ಸನ್ನೆ ಗೊತ್ತುಮಾಡಿ, ಗೌರವಧನವನ್ನು ಉಳಿದ ಉಪನ್ಯಾಸಕರಷ್ಟೇ ಕೊಡಿ. ಹಾರ, ಶಾಲು ಮಾತ್ರ ಕೊಟ್ಟು ಕಳಿಸುವ ರೂಢಿ ಇನ್ನೂ ಇದೆ. ಸಭೆಯಲ್ಲಿರುವ ಟ್ರಾನ್ಸ್‌ಜೆಂಡರ್ ನೌಕರರ ಕಡೆ ತಿರುಗಿ ‘ನೀವೇ ಹೇಳಿ’ ಎನ್ನುವುದಂತೂ ಕೂಡದು.

ಸಂಸ್ಕೃತಿಯ ಪ್ರಶ್ನೆಗೆ ಹೊರಗಿನಿಂದ ಬಂದ ತರಬೇತುದಾರರು ಬೃಹನ್ನಳೆ, ಶಿಖಂಡಿ, ಅರ್ಧನಾರೀಶ್ವರ ಎಂದು ಶುರುಮಾಡುತ್ತಾರೆ. ಬೇರೆ ಕಡೆ ನಡೆಯಬಹುದು, ಇಲ್ಲಿ ಬೇಡ. ಅರ್ಜುನನಿಗೆ ಅದು ಊರ್ವಶಿಯ ಶಾಪ, ಅದೂ ಒಂದೇ ವರ್ಷಕ್ಕೆ ಎಂದು ಹಿಂದಿನ ಬೆಂಚಿನಿಂದ ಯಾರಾದರೂ ಅರ್ಥ ಹೇಳಿಯೇ ಹೇಳುತ್ತಾರೆ, ಮತ್ತು ಅವರು ಹೇಳುವುದು ಸರಿ. ಯಕ್ಷಗಾನದ ಸ್ತ್ರೀವೇಷದ ಉದಾಹರಣೆಯೂ ಅಷ್ಟೇ: ಚೌಕಿಗೆ ಬಂದು ಬಣ್ಣ ತೆಗೆದ ಮೇಲೆ ಕಲಾವಿದ ಗಂಡಸೇ, ವೇಷ ಬೇರೆ, ಲಿಂಗತ್ವ ಬೇರೆ. ಅದಕ್ಕಿಂತ ಟ್ರಾನ್ಸ್ ಮಹಿಳೆಯಾದ ಮಂಜಮ್ಮ ಜೋಗತಿಯವರ ಹೆಸರು ಹೇಳಿ. ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದವರು, 2021ರಲ್ಲಿ ಪದ್ಮಶ್ರೀ ಪಡೆದವರು. ಪುರಾಣದ ಪಾತ್ರ ವಾದಕ್ಕೆ ಸಿಗುತ್ತದೆ, ಕಣ್ಣಮುಂದಿರುವ ವ್ಯಕ್ತಿ ಸಿಗುವುದಿಲ್ಲ.

ಹೇಗೆ ಕರೆಯಬೇಕು ಎಂಬುದು ಕನ್ನಡದಲ್ಲಿ ಸಲೀಸು. ‘ಅವರು ಬಂದರು’ ಅಂದರೆ ಮುಗಿಯಿತು. ಆದರೆ ಶಿರಸಿ, ಸಿದ್ದಾಪುರ ಕಡೆ ಒಂದು ತೊಡಕಿದೆ. ಹವ್ಯಕರ ಮನೆಮಾತಿನಲ್ಲಿ ಹೆಂಗಸರಿಗೂ ‘ಅದು ಬಂತು’ ಎನ್ನುವುದು ರೂಢಿ, ಅದರಲ್ಲಿ ಅಗೌರವ ಇಲ್ಲ. ಅದೇ ಮಾತು ಕೌಂಟರಿನಲ್ಲಿ ಟ್ರಾನ್ಸ್ ಮಹಿಳೆಯ ಬಗ್ಗೆ ಬಾಯಿಂದ ಜಾರಿದರೆ, ಜೀವಮಾನವಿಡೀ ‘ಅದು’ ಎಂದು ಹೀಯಾಳಿಸಿಕೊಂಡವರಿಗೆ ಬೇರೆಯೇ ಆಗಿ ಕೇಳಿಸುತ್ತದೆ. ಇದನ್ನು ತಪ್ಪು ಹಿಡಿಯುವ ಧಾಟಿಯಲ್ಲಿ ಹೇಳಬೇಡಿ. ಕಚೇರಿಯಲ್ಲಿ ಎಲ್ಲರಿಗೂ ‘ಅವರು’ ಎಂದು ಹೇಳಿದರೆ ಸಾಕು.

ಮೀಸಲಾತಿಯ ಪ್ರಶ್ನೆ ಬಿಸಿ ಇರುತ್ತದೆ, ಮಾಹಿತಿ ಕೊಟ್ಟರೆ ಬೇಗ ತಣಿಯುತ್ತದೆ. 2021ರ ಜುಲೈನಲ್ಲಿ ಕರ್ನಾಟಕ ತನ್ನ ನೇರ ನೇಮಕಾತಿ ನಿಯಮಕ್ಕೆ ತಿದ್ದುಪಡಿ ತಂದು ಶೇ. 1 ಸಮತಲ ಮೀಸಲಾತಿ ಕೊಟ್ಟಿತು. ಅಂದರೆ ಸಾಮಾನ್ಯ, ಪರಿಶಿಷ್ಟ, ಹಿಂದುಳಿದ ವರ್ಗಗಳ ಪ್ರತಿಯೊಂದರ ಒಳಗೇ ಅದು ಬರುತ್ತದೆ, ಹೊಸದಾಗಿ ಯಾರ ವರ್ಗವನ್ನೂ ಕಸಿಯುವುದಿಲ್ಲ. ಅರ್ಹರು ಸಿಗದಿದ್ದರೆ ಅದೇ ವರ್ಗದ ಪುರುಷ ಅಥವಾ ಮಹಿಳೆಗೆ ಹುದ್ದೆ ಹೋಗುತ್ತದೆ. ‘ಸುಳ್ಳು ಹೇಳಿ ತಗೊಂಡ್ರೆ?’ ಎಂದರೆ, ಸುಳ್ಳು ಪ್ರಮಾಣಪತ್ರಕ್ಕೆ ಜಾತಿ-ಆದಾಯದ ವಿಷಯದಲ್ಲಿ ಏನಾಗುತ್ತದೋ ಇಲ್ಲೂ ಅದೇ.

‘ನಮ್ಮ ತಾಲೂಕಿನಲ್ಲಿ ಅಂಥವರೇ ಇಲ್ಲ’ ಎನ್ನುವವರಿಗೆ 2011ರ ಜನಗಣತಿಯಲ್ಲಿ ‘ಇತರೆ’ ಎಂದು ಬರೆಸಿದವರು ದೇಶದಲ್ಲಿ 4,87,803 ಮಂದಿ, ಕರ್ನಾಟಕದಲ್ಲಿ 20,266 ಎಂದು ತಿಳಿಸಿ. ಊರಿನಲ್ಲಿ ಇರಲಾಗದೆ ಹುಬ್ಬಳ್ಳಿ, ಗೋವಾ, ಬೆಂಗಳೂರಿಗೆ ಹೋದವರನ್ನು ಊರಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ರೈಲಿನಲ್ಲಿ ಹಣಕ್ಕೆ ಪೀಡಿಸಿದ ಅನುಭವ ಹೇಳಿದರೆ ಸುಳ್ಳೆನ್ನಬೇಡಿ. ತೊಂದರೆ ಕೊಟ್ಟವರ ಮೇಲೆ ರೈಲ್ವೆ ಪೊಲೀಸರಿಗೆ ದೂರು, ಕೆಲಸ ಕೇಳಿ ಬಂದ ಇನ್ನೊಬ್ಬರಿಗೆ ಅದರ ಶಿಕ್ಷೆ ಇಲ್ಲ. ‘ನೀವೂ ಅವರೇನಾ?’ ಎಂದು ಕೇಳಿದರೆ ‘ಇಲ್ಲಪ್ಪ ಇಲ್ಲ’ ಎಂದು ಗಡಬಡಿಸಿದರೆ ಅದೇನೋ ಅವಮಾನ ಎಂದು ನೀವೇ ಒಪ್ಪಿಕೊಂಡಂತೆ. ‘ಅದು ಇವತ್ತಿನ ವಿಷಯ ಅಲ್ಲ’ ಅನ್ನಿ, ಮುಖಭಾವ ಬದಲಿಸಬೇಡಿ.

ಬ್ಯಾಂಕು ಮತ್ತು ಗೋಕರ್ಣ, ಮುರುಡೇಶ್ವರದ ಲಾಡ್ಜುಗಳ ಸಿಬ್ಬಂದಿ ಕೇಳುವುದು ಬೇರೆ: ಆಧಾರ್ ಕಾರ್ಡಿನಲ್ಲಿ ಒಂದು ಹೆಸರು-ಫೋಟೋ, ಎದುರಿಗೆ ನಿಂತವರು ಬೇರೆ, ಏನು ಮಾಡುವುದು? ರಿಜಿಸ್ಟರಿನಲ್ಲಿ ದಾಖಲೆಯ ಹೆಸರೇ ಬರೆಯಿರಿ, ಕರೆಯುವಾಗ ಅವರು ಹೇಳಿದ ಹೆಸರಿನಿಂದ ಕರೆಯಿರಿ. ಅನುಮಾನವಿದ್ದರೆ ಇನ್ನೊಂದು ಗುರುತುಪತ್ರ ಕೇಳಿ, ಅದನ್ನೂ ಪಕ್ಕಕ್ಕೆ ಕರೆದು, ಸರದಿಯ ಮುಂದಲ್ಲ.

ಕಾನೂನಿನ ಸ್ಲೈಡನ್ನು ಪ್ರತಿ ಕಾರ್ಯಕ್ರಮದ ಹಿಂದಿನ ವಾರ ಮತ್ತೆ ನೋಡಿ. ಕಾಯ್ದೆ, ನಿಯಮಗಳಿಗೆ ತಿದ್ದುಪಡಿ ಬರುತ್ತಿರುತ್ತವೆ, ಎರಡು ವರ್ಷದ ಹಳೇ ಪಿಪಿಟಿ ಓದಿದವರನ್ನು ಒಬ್ಬ ವಕೀಲರು ಕೂತಲ್ಲೇ ಕೆಡವುತ್ತಾರೆ. ಗೊತ್ತಿಲ್ಲದ ಪ್ರಶ್ನೆಯನ್ನು ಸಭೆಯ ಮುಂದೆಯೇ ವಹಿಯಲ್ಲಿ ಬರೆದುಕೊಂಡು, ಒಂದು ವಾರದೊಳಗೆ ಲಿಖಿತ ಉತ್ತರವನ್ನು ಕಚೇರಿಯ ಮೂಲಕ ಕಳಿಸಿ. ಅದರ ಜೊತೆಗೇ ಇನ್ನೊಂದು ಕೆಲಸ: ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆಯ 2019ರ ಕಾಯ್ದೆಯ 11ನೇ ಕಲಂ ಪ್ರತಿ ಸಂಸ್ಥೆಯೂ ದೂರು ಅಧಿಕಾರಿಯನ್ನು ನೇಮಿಸಬೇಕು ಎನ್ನುತ್ತದೆ. ನೇಮಕವಾಗಿದ್ದರೆ ಅವರ ಹೆಸರು, ಫೋನ್ ನಂಬರ್ ನೋಟಿಸ್ ಬೋರ್ಡಿಗೆ ಬರಲಿ. ಆಗಿಲ್ಲದಿದ್ದರೆ, ಮುಖ್ಯಸ್ಥರು ಆಭಾರಮನ್ನಣೆಗೆ ಎದ್ದು ನಿಂತಾಗಲೇ, ಎಲ್ಲರೂ ಕೇಳುತ್ತಿರುವಾಗ, ಯಾವ ತಾರೀಕಿನೊಳಗೆ ಮಾಡುತ್ತೀರಿ ಎಂದು ಕೇಳಿ ಬರೆದುಕೊಳ್ಳಿ.